ಬೇಲಿಯಲ್ಲದ ಸಾಲು

ಯುಗಾದಿ ಕಳೆದು ವಾರವೂ ಆಗಿರಲಿಲ್ಲ. ಕಾದ ಬಿಸಿಲಿನಲ್ಲಿ ಮೇಲಿನ ಮನೆಯ ಸುಚಿತ್ರಾ ಮೇಡಂ ಹಾರೆ ಹಿಡಿದು ಗುಂಡಿ ತೋಡುತ್ತಿದ್ದುದನ್ನು ಪುಟ್ಟಪ್ಪ ತನ್ನ ಜಗಲಿಯಲ್ಲಿ ಕೂತು ನೋಡಿದ. ಹೊಸನಗರದ ಕಡೆ ಮಳೆ ಹಿಡಿಯುವ ಮೊದಲು ಯಾರೂ ಗಿಡ ನೆಡುವುದಿಲ್ಲ. ಹೈಸ್ಕೂಲಿನಲ್ಲಿ ಪಾಠ ಹೇಳುವವರಿಗೆ ಅಷ್ಟೂ ತಿಳಿಯದೆ? ತಿಳಿದೇ ಮಾಡುತ್ತಿದ್ದಾರೆ ಎಂದುಕೊಂಡ.

ನೆಟ್ಟದ್ದೇನೆಂದು ಕಂಡ ಮೇಲಂತೂ ಅವನ ಅನುಮಾನ ಗಟ್ಟಿಯಾಯಿತು. ಹೊಸ ಮನೆ ಕಟ್ಟಿದವರು ನರ್ಸರಿಯಿಂದ ಕ್ರೋಟನ್ನು, ಗುಲಾಬಿ ತರುತ್ತಾರೆ. ಈಕೆ ತಂದದ್ದು ಗುಡ್ಡದ ಲಕ್ಕಿ, ಆಡುಸೋಗೆ. ದನ ಬಾಯಿ ಹಾಕದ ಈ ಗಿಡಗಳನ್ನೇ ಊರಲ್ಲಿ ಬೇಲಿಗೆ ಹಾಕುವುದು. ಸಾಲು ಚಿಗುರಿ ನಿಂತರೆ ಅಲ್ಲಿಯವರೆಗಿನ ನೆಲ ನೆಟ್ಟವರದ್ದೇ ಎಂದು ನಾಳೆ ಊರೇ ಸಾಕ್ಷಿ ಹೇಳುತ್ತದೆ. ಗಿಡ ನೆಟ್ಟಿದ್ದ ದರೆ, ಎಂದರೆ ಎರಡು ಮನೆಗಳ ನಡುವಿನ ಮಣ್ಣಿನ ಇಳಿಜಾರು, ಯಾರದೆಂದು ಪುಟ್ಟಪ್ಪ ಕಂಡಂತೆ ಯಾರೂ ಅಳೆದಿರಲಿಲ್ಲ.

ಪುಟ್ಟಪ್ಪನ ಅಪ್ಪ ಗೇಣಿಗೆ ಗೆಯ್ದು, ಕಚೇರಿಗೆ ಅಲೆದು ಅಲೆದು ಪಡೆದದ್ದು ಈ ಕೆಳಗಿನ ಮನೆಯ ಜಾಗ. ಮೇಡಂ ಮನೆತನದವರು ಒಂದು ಕಾಲಕ್ಕೆ ಗೇಣಿ ಪಡೆಯುತ್ತಿದ್ದವರು. ಕೈತಪ್ಪಿದ ನೆಲವನ್ನು ಗಿಡದ ನೆಪದಲ್ಲಿ ಮರಳಿ ಹಿಡಿಯುತ್ತಾರೆಂಬ ಸಂಕಟಕ್ಕೆ ಪುಟ್ಟಪ್ಪನಿಗೆ ಊಟ ಸೇರದಾಯಿತು.

ಹೆಂಡತಿ ಯಮುನಮ್ಮ ಮೇಲಿನ ಮನೆಗೆ ಹೋಗಿ ವಿಚಾರಿಸಿಕೊಂಡು ಬಂದಳು. ಪ್ರತಿ ಮಳೆಗಾಲ ದರೆಯ ಮಣ್ಣು ಜಾರಿ ನಮ್ಮ ಅಂಗಳಕ್ಕೆ ಬರುತ್ತದಲ್ಲ, ಈಗಲೇ ನೀರು ಹಾಕಿ ಬೇರೂರಿಸಿದರೆ ಆ ಗಿಡಗಳು ಮಣ್ಣು ಹಿಡಿದುಕೊಳ್ಳುತ್ತವಂತೆ ಎಂದಳು.

“ನಮ್ಮಂಗಳದ ಚಿಂತೆ ಅವ್ರಿಗೆಂಥಕ್ಕೆ?” ಎಂದ ಪುಟ್ಟಪ್ಪ.

“ಎಲ್ಲದ್ರಲ್ಲೂ ಹುಳುಕು ಹುಡುಕ್ತಾ ಕೂತ್ರೆ ಹೆಂಗೆ?”

ಇವಳನ್ನೂ ಬುಟ್ಟಿಗೆ ಹಾಕಿಕೊಂಡರು ಎಂದುಕೊಂಡ ಅವನು ಮರುದಿನವೇ ಹೊಸನಗರಕ್ಕೆ ಹೋಗಿ ಸರ್ವೆಗೆ ಅರ್ಜಿ ಕೊಟ್ಟ.

ಮಳೆಗೆ ಮೊದಲೇ ಸರ್ವೆಯರ್ ಬಂದರು. ಪುಟ್ಟಪ್ಪ ತಾನೇ ಮುಂದಾಗಿ ಸರಪಳಿಯ ತುದಿ ಹಿಡಿದ. ಪೊದೆ ಸವರಿದಾಗ ಹಳೆಯ ಗಡಿಕಲ್ಲೂ ಸಿಕ್ಕಿತು. ಗಿಡದ ಸಾಲು ಪೂರ್ತಿ ಮೇಡಂ ಜಾಗದ ಒಳಗೇ ಇತ್ತು. ಗಡಿ ದಾಟಿ ನಿಂತದ್ದು ಪುಟ್ಟಪ್ಪನ ಬಚ್ಚಲುಮನೆ. ಸಾಲು ಅದರ ಹತ್ತಿರ ಬಂದು, ಅದನ್ನು ಸುತ್ತುಹಾಕಿ ಮುಂದೆ ಹೋಗಿತ್ತು.

ಒತ್ತುವರಿ ತೆರವು ಮಾಡಿಸುತ್ತೀರಾ ಎಂದು ಸರ್ವೆಯರ್ ಮೇಡಂ ಅವರನ್ನು ಕೇಳಿದರು.

“ನಾನು ಮನೆ ಕಟ್ಟುವಾಗ ನಕ್ಷೆ ನೋಡಿದ್ದೆ, ಆಗ್ಲೇ ಗೊತ್ತಿತ್ತು. ಇರ್ಲಿ ಬಿಡಿ, ಅವ್ರ ಬಚ್ಚಲು ಅಲ್ಲೇ ಇರ್ಲಿ,” ಎಂದರು ಸುಚಿತ್ರಾ.

ಪುಟ್ಟಪ್ಪನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸರಪಳಿ ಸುತ್ತಿಕೊಟ್ಟು ಒಳಗೆ ಹೋದ.

ಬಿಸಿಲಿಳಿದ ಮೇಲೆ ಕೊಡ ತುಂಬಿಸಿಕೊಂಡು ದರೆ ಹತ್ತಿದ. ಲಕ್ಕಿಯ ಬುಡಕ್ಕೆ ನೀರು ಹೊಯ್ಯುತ್ತಿದ್ದಾಗ ಮೇಡಂ ಹೊರಗೆ ಬಂದು, ನಾನೇ ಹಾಕುತ್ತಿದ್ದೆನಲ್ಲ ಎಂದರು.

“ಮಣ್ಣು ಜಾರೋದು ನಮ್ಮಂಗಳಕ್ಕೆ. ನೀರು ನೀವೊಬ್ರೇ ಯಾಕೆ ಹೊರ್ಬೇಕು?” ಎಂದ ಪುಟ್ಟಪ್ಪ, ಅವರ ಮುಖ ನೋಡದೆ. ಖಾಲಿ ಕೊಡ ಹೆಗಲಿಗೇರಿಸಿ ಎರಡು ಹೆಜ್ಜೆ ಇಳಿದವನು ತಿರುಗಿ ನಿಂತ.

“ನಮ್ಮ ಗುಡ್ಡದಲ್ಲಿ ಮುರುಗಲು ಸಸಿ ಎದ್ದಿದಾವೆ, ಮೇಡಂ. ಅದ್ರ ಬೇರೂ ಮಣ್ಣು ಬಿಡಲ್ಲ, ನಾಳೆ ಕಿತ್ತು ತರ್ತೀನಿ. ಎಲ್ಲಿ ನೆಡ್ಬೇಕು ಅಂತ ಮಾತ್ರ ನೀವೇ ಹೇಳಿ.”