ಪೆಟ್ಟಿಗೆಯ ತೂಕ

ದೇರಪ್ಪನವರ ಕಾಗದ ಬಂದದ್ದು ೧೯೫೯ರ ಮಾರ್ಚ್ ಎರಡನೆಯ ವಾರ. ಅವರು ಹುದಿಕೇರಿಯವರು. ಇಂಗ್ಲೆಂಡಿನಲ್ಲಿ ನನ್ನ ಗಂಡ ಓದುತ್ತಿದ್ದ ಕಾಲೇಜಿನಲ್ಲೇ ಓದುತ್ತಿದ್ದರು. ಒಂದೇ ಮನೆಯ ಮಹಡಿಯಲ್ಲಿ ಇಬ್ಬರದೂ ಎದುರುಬದುರು ಕೋಣೆ. ಜನವರಿಯಲ್ಲಿ ಕುಟ್ಟಪ್ಪ ತೀರಿಕೊಂಡಾಗ ಹತ್ತಿರವಿದ್ದ ನಮ್ಮ ಕಡೆಯವರೆಂದರೆ ಅವರೊಬ್ಬರೇ. ನ್ಯುಮೋನಿಯಾ, ಆರು ದಿನ. ದಹನವನ್ನೂ ಅವರೇ ಮಾಡಿಸಿದರು.

ಬದುಕಿದ್ದಾಗ ನಾನು ಗಂಡನ ಹೆಸರು ಹೇಳುತ್ತಿರಲಿಲ್ಲ. ಈಗ ಬರೆಯುತ್ತೇನೆ.

ಕಾಗದ ಇಂಗ್ಲಿಷಿನಲ್ಲಿತ್ತು. ಮಾವ ಕೂಸಪ್ಪನವರು ಪಕ್ಕದ ಇಂಗ್ಲಿಷ್ ದೊರೆಯ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ತೂಕ, ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಅಚ್ಚಾದ ಇಂಗ್ಲಿಷನ್ನು ಬೆರಳಿಟ್ಟು ಓದುತ್ತಾರೆ, ಕೈಬರಹ ತಿಳಿಯುವುದಿಲ್ಲ. ಆದ್ದರಿಂದ ನಾನು ಜಗಲಿಯಲ್ಲಿ ಕೂತು ಓದಿ ಹೇಳಿದೆ. ಅತ್ತೆ ಬೊಳ್ಳಮ್ಮ ಬಾಗಿಲಲ್ಲಿ ನಿಂತಿದ್ದರು.

ದೇರಪ್ಪನವರು ಏಪ್ರಿಲ್ ಇಪ್ಪತ್ತೊಂದಕ್ಕೆ ವಿಮಾನದಲ್ಲಿ ಹೊರಡುತ್ತಾರೆ. ಟೂರಿಸ್ಟ್ ಟಿಕೆಟು. ನಲವತ್ತನಾಲ್ಕು ಪೌಂಡ್ ಸಾಮಾನು ತರಬಹುದು. ತಮ್ಮದನ್ನು ಕಡಿಮೆ ಮಾಡಿ ನಮಗೆ ಹತ್ತು ಪೌಂಡ್ ಉಳಿಸಿದ್ದಾರೆ. ಕುಟ್ಟಪ್ಪನ ಓದಿನ ಪುಸ್ತಕಗಳು ಕಾಲೇಜಿಗೆ, ಬಟ್ಟೆಗಳು ಚರ್ಚಿನವರಿಗೆ ಹೋದವು. ಉಳಿದದ್ದನ್ನು ಮನೆಯೊಡತಿಯ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿದ್ದರು. ಅಸ್ಥಿ, ಐದು ಪೌಂಡ್. ಅದನ್ನಿಟ್ಟು ಕೊಟ್ಟ ಮರದ ಪೆಟ್ಟಿಗೆ, ನಾಲ್ಕು. ಬೂಟು, ಮೂರೂವರೆ. ದಪ್ಪ ನೋಟ್‌ಬುಕ್ ಎರಡು, ನಾಲ್ಕೂವರೆ. ಹತ್ತು ಪೌಂಡಿನಲ್ಲಿ ಏನು ತರಬೇಕೆಂದು ನಾವು ಹೇಳಬೇಕು.

ಹತ್ತೇ ಯಾಕೆಂದು ನಾವು ತಪ್ಪು ತಿಳಿಯಬಾರದೆಂದು ಕಾಗದದ ಬೆನ್ನಿಗೆ ವಿಮಾನ ಕಂಪನಿಯ ಆಫೀಸಿನಲ್ಲಿ ನೋಡಿದ ನಿಯಮವನ್ನೂ ನಕಲು ಮಾಡಿದ್ದರು.

"ಟೂರಿಸ್ಟ್ ಅಂದರೆ?" ಮಾವ ಕೇಳಿದರು.

"ಕಡಿಮೆ ದರದ ಸೀಟು ಮಾವ. ಫಸ್ಟ್ ಕ್ಲಾಸಾದರೆ ಅರವತ್ತಾರು ಪೌಂಡ್ ಬಿಡುತ್ತಾರೆ."

"ದೊರೆ ಹತ್ತಿದರೆ ವಿಮಾನಕ್ಕೆ ಶಕ್ತಿ ಜಾಸ್ತಿ ಬರ್ತದಾ?"

"ದರ ಜಾಸ್ತಿ, ಅದಕ್ಕೆ."

"ಮಕ್ಕಳಿಗೆ?" ಎಂದರು ಅತ್ತೆ. ಯಾಕೆ ಕೇಳಿದರೋ ಗೊತ್ತಿಲ್ಲ. ನಮಗೆ ಮಕ್ಕಳಿಲ್ಲ.

"ಅರ್ಧ ಟಿಕೆಟಿನ ಮಕ್ಕಳಿಗೆ ಪೂರ್ತಿ ನಲವತ್ತನಾಲ್ಕು. ಎರಡು ವರ್ಷದೊಳಗಿನದು, ತಾಯಿಯ ಮಡಿಲಲ್ಲಿ ಕೂರುವ ಮಗು, ಅದಕ್ಕೆ ಏನೂ ಇಲ್ಲ."

"ಬಟ್ಟೆ ಗಂಟು ಬೇಕಾದ್ದೇ ಅದಕ್ಕೆ! ಇದನ್ನು ಬರೆದವ ಗಂಡಸೇ, ಬಿಡು."

ಜನವರಿಯಿಂದ ಈಚೆಗೆ ಅವರು ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದು ಅಂದೇ.

ಮಾವ ಕನ್ನಡಕ ತೆಗೆದು ಯೋಚಿಸಿದರು. "ಕುಟ್ಟಪ್ಪನಿಗೂ ವಾಪಸ್ ಟಿಕೆಟ್ ಇತ್ತಲ್ಲ?"

"ಇತ್ತು. ಸ್ಕಾಲರ್‌ಶಿಪ್ಪಿನವರು ಹೋಗಿಬರುವ ಟಿಕೆಟೇ ಕೊಟ್ಟಿದ್ದರು."

"ಹಾಗಾದರೆ ಅವನದ್ದೂ ನಲವತ್ತನಾಲ್ಕು ಉಂಟು. ದೇರಪ್ಪ ಅದರಲ್ಲಿ ತರಲಿ. ಬೂಟೂ ಬರಲಿ, ಎಲ್ಲವೂ ಬರಲಿ."

"ಆಗುವುದಿಲ್ಲವಂತೆ ಮಾವ. ದೇರಪ್ಪನವರು ವಿಚಾರಿಸಿದ್ದಾರೆ. ಟಿಕೆಟಿನಲ್ಲಿ ಹೆಸರಿರುವವರು ಪ್ರಯಾಣ ಮಾಡಿದರೆ ಮಾತ್ರ ಆ ತೂಕ."

"ಅವ ಮಾಡ್ತಾ ಇಲ್ವಾ?" ಎಂದರು ಅತ್ತೆ. "ಪೆಟ್ಟಿಗೆಲಿ ಬರ್ತಾ ಉಂಟಲ್ಲ."

ನಾನು ಕಾಗದ ಮಡಿಸಿದೆ. ಮಾವ ಕನ್ನಡಕವನ್ನು ಒರೆಸುತ್ತಲೇ ಇದ್ದರು.

ಮತ್ತೆ ಬಿಡಿಸಿ ಉಳಿದದ್ದನ್ನು ಓದಿದೆ. ಪೆಟ್ಟಿಗೆ ಭಾರ; ನಾವು ಒಪ್ಪುವುದಾದರೆ ಅಸ್ಥಿಯನ್ನು ಹಗುರ ತಗಡಿನ ಡಬ್ಬಿಗೆ ಹಾಕಿಸಬಹುದು; ಹಾಗೆ ಮಾಡಿದರೆ ನೋಟ್‌ಬುಕ್‌ಗಳಿಗೂ ಜಾಗವಾಗುತ್ತದೆ. ಇಲ್ಲದಿದ್ದರೆ ಅವನ್ನು ಹಡಗಿನ ಅಂಚೆಗೆ ಹಾಕುತ್ತೇನೆ ಎಂದು ಬರೆದಿದ್ದರು.

"ಎಂಥ ಡಬ್ಬಿ?" ಅತ್ತೆ ಕೇಳಿದರು.

"ಬಿಸ್ಕತ್ತಿನದು ಇರಬಹುದು."

"ನನ್ನ ಮಗ ಬಿಸ್ಕತ್ ಡಬ್ಬಿಲಿ ಬರೋದು ಬೇಡ."

ಅಲ್ಲಿಗೆ ಆ ಮಾತು ಮುಗಿಯಿತು. ಅಸ್ಥಿಯೂ ಪೆಟ್ಟಿಗೆಯೂ ಸೇರಿ ಒಂಬತ್ತು. ಉಳಿಯುವುದು ಒಂದು ಪೌಂಡ್.

"ನಿನಗೆ ಏನು ಬೇಕು ಯಮುನ? ನೀನು ಹೇಳಲೇ ಇಲ್ಲ," ಎಂದರು ಮಾವ.

"ನೋಟ್‌ಬುಕ್."

"ಅದರಲ್ಲಿ ಏನುಂಟು?"

"ಗೊತ್ತಿಲ್ಲ ಮಾವ."

ನಿಜವಾಗಿಯೂ ಗೊತ್ತಿರಲಿಲ್ಲ. ಮದುವೆಯಾಗಿ ಹನ್ನೊಂದು ತಿಂಗಳು ಜೊತೆಗಿದ್ದೆವು. ಆಮೇಲೆ ನೀಲಿ ಏರ್‌ಲೆಟರುಗಳು, ವಾರಕ್ಕೊಂದು. ಅಕ್ಟೋಬರಿನಲ್ಲಿ ಕುಟ್ಟಪ್ಪ ಬರೆದಿದ್ದರು: ಈ ಹಾಳೆಯಲ್ಲಿ ಜಾಗ ಸಾಲುವುದಿಲ್ಲ, ಹೇಳಬೇಕಾದದ್ದನ್ನು ದಿನಾ ಸಂಜೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ, ನಾನು ಬಂದ ಮೇಲೆ ಓದುವೆಯಂತೆ, ನಾನು ಎದುರಿಗೆ ಕೂತಿರುತ್ತೇನೆ, ನಗಬಾರದು. ಡಿಸೆಂಬರಿನಲ್ಲಿ ಎರಡನೆಯ ನೋಟ್‌ಬುಕ್ ಕೊಂಡೆ ಎಂದು ಬರೆದಿದ್ದರು.

ಇದನ್ನು ಅತ್ತೆ ಮಾವನಿಗೆ ಹೇಳಲು ಬಾಯಿ ಬರಲಿಲ್ಲ. "ನನಗೆಂದು ಬರೆದದ್ದು," ಎಂದಷ್ಟೇ ಹೇಳಿದೆ.

ಮಾವ ಎದ್ದು ಹೋದರು. ಕಣದ ಪಕ್ಕದ ಶೆಡ್ಡಿನಲ್ಲಿ ಕಾಫಿ ತೂಗುವ ತಕ್ಕಡಿ ಇದೆ. ಪಿಕಿಂಗ್ ಮುಗಿದಿತ್ತು, ತಕ್ಕಡಿಗೆ ಕೆಲಸವಿರಲಿಲ್ಲ. ಅವರು ಅಲ್ಲಿಂದಲೇ ಕೂಗಿದರು. ಹೋಗಿ ನೋಡಿದರೆ ತಕ್ಕಡಿಯ ಮೇಲೆ ಒಂದು ಗೋಣಿಚೀಲ ಮಡಿಸಿ ಇಟ್ಟಿದ್ದರು.

"ಇಲ್ಲಿ ನೋಡು. ಸಂಜೆ ಆಳುಗಳು ಹಣ್ಣು ತಂದು ಸುರಿಯೋದಿಲ್ಲ, ಚೀಲ ಸಮೇತ ಇಡ್ತಾರೆ. ನಾನು ಏನು ಮಾಡ್ತೇನೆ? ಚೀಲ ಕಳೀತೇನೆ. ಒಣಗಿದ್ದರೆ ಎರಡು ರಾತ್ಲು, ಅವರ ಪೌಂಡೇ ಅದು, ಮಳೆಗೆ ಸಿಕ್ಕಿದ್ದರೆ ಮೂರೂವರೆ. ಮೂವತ್ತೊಂದು ವರ್ಷ ಒಬ್ಬ ಆಳು ನನ್ನ ತೂಕಕ್ಕೆ ಎದುರು ಮಾತಾಡಲಿಲ್ಲ, ದೊರೆಯೂ ಮಾತಾಡಲಿಲ್ಲ. ತೂಕ ಅಂದರೆ ಒಳಗಿದ್ದದ್ದು. ಚೀಲ ಯಾವತ್ತೂ ಲೆಕ್ಕಕ್ಕಿಲ್ಲ."

"ವಿಮಾನದಲ್ಲಿ ಹಾಗೆ ಮಾಡುತ್ತಾರೋ ಇಲ್ಲವೋ ಮಾವ."

"ಈ ತಕ್ಕಡಿ ಎಲ್ಲಿಂದ ಬಂತು ಹೇಳು? ಇಂಗ್ಲೆಂಡಿಂದ. ತೂಗೋದು ಕಲಿಸಿದ್ದು ಯಾರು? ಅವರೇ. ಅವರ ಊರಲ್ಲಿ ಅವರೇ ಪೆಟ್ಟಿಗೆ ಸೇರಿಸಿ ತೂಗ್ತಾರಾ? ಅಸ್ಥಿ ಐದು, ಪುಸ್ತಕ ನಾಲ್ಕೂವರೆ. ಒಂಬತ್ತೂವರೆ. ಇನ್ನೂ ಅರ್ಧ ರಾತ್ಲು ಮಿಗ್ತದೆ."

ಅತ್ತೆ ಅಂಗಳದಲ್ಲಿ ನಿಂತು ಕೇಳುತ್ತಿದ್ದರು. "ಈಗಲಾದರೂ ನಿಮ್ಮ ತಕ್ಕಡಿ ಮನೆಗೊಂದು ಉಪಕಾರ ಮಾಡ್ತು," ಎಂದರು.

ಮಾವನ ಮುಖದಲ್ಲಿ ಬಹಳ ದಿನಗಳ ನಂತರ ಒಂದು ಕಳೆ ಇತ್ತು. ಹೆಂಡತಿಗೆ ಪೆಟ್ಟಿಗೆ, ಸೊಸೆಗೆ ನೋಟ್‌ಬುಕ್. ಇಬ್ಬರಿಗೂ ಕೊಟ್ಟಿದ್ದರು.

ನಾನು ಮೈಸೂರಿನಲ್ಲಿ ಎಂ.ಎ. ಓದಿದವಳು. ನಲವತ್ತನಾಲ್ಕು ಪೌಂಡ್ ಎಂದರೆ ಸೂಟ್‌ಕೇಸೂ ಸೇರಿಯೇ ಇರಬೇಕೆಂದು ನನಗೆ ಆಗಲೇ ಅನ್ನಿಸಿತ್ತು. ಮಡಿಕೇರಿಗೆ ಹೋಗಿ ಯಾರನ್ನಾದರೂ ಕೇಳಬಹುದಿತ್ತು. ಮದ್ರಾಸಿನ ಕಂಪನಿ ಆಫೀಸಿಗೆ ಒಂದು ಕಾರ್ಡು ಬರೆಯಬಹುದಿತ್ತು. ಬರೆಯಲಿಲ್ಲ. ಕೇಳಿದರೆ ಇಲ್ಲ ಎಂದುಬಿಟ್ಟಾರು ಎಂದು ಹೆದರಿದೆ.

ಅಂದೇ ಉತ್ತರ ಬರೆದೆ. ಪೆಟ್ಟಿಗೆಯಲ್ಲೇ ಅಸ್ಥಿ ತನ್ನಿ. ನೋಟ್‌ಬುಕ್‌ಗಳನ್ನೂ ತನ್ನಿ. ಅವನ್ನು ಹಡಗಿಗೆ ಹಾಕಬೇಡಿ, ನನಗೆ ಎರಡು ತಿಂಗಳು ಕಾಯಲಾಗುವುದಿಲ್ಲ. ಪೆಟ್ಟಿಗೆಯ ತೂಕ ಲೆಕ್ಕಕ್ಕೆ ಬರುವುದಿಲ್ಲ. ಮಾವ ಹಾಗೆ ಹೇಳುತ್ತಾರೆ ಎಂದು ಬರೆಯಲಿಲ್ಲ. ಬರುವುದಿಲ್ಲ ಎಂದೇ ಬರೆದೆ.

ಏಪ್ರಿಲ್ ಇಪ್ಪತ್ತೇಳಕ್ಕೆ ದೇರಪ್ಪನವರು ಬಂದರು. ಮಡಿಕೇರಿಯ ಬಸ್ಸು ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತದೆ. ನಾನೊಬ್ಬಳೇ ರಸ್ತೆಗೆ ಹೋಗಿದ್ದೆ. ಅವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಎತ್ತರದ ಆಳು, ಕೆನ್ನೆ ಒಳಹೋಗಿತ್ತು. ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ಎದೆಗೆ ಒತ್ತಿ ಹಿಡಿದು ಬಸ್ಸಿನಿಂದ ಇಳಿದರು. ಬೆನ್ನಿಗೆ ಒಂದು ಚೀಲ. ಚೀಲ ಚಪ್ಪಟೆಯಾಗಿತ್ತು. ನಾನು ಮೊದಲು ನೋಡಿದ್ದು ಚೀಲವನ್ನು. ಇದನ್ನು ಒಪ್ಪಿಕೊಳ್ಳಬೇಕು.

ತೋಟದ ದಾರಿಯಲ್ಲಿ ಅರ್ಧ ಬಂದ ಮೇಲೆ ಅವರು ನಿಂತರು.

"ಅತ್ತಿಗೆ, ಮನೆ ತಲುಪೋಕೆ ಮೊದಲು ಹೇಳಿಬಿಡ್ತೇನೆ. ನೋಟ್‌ಬುಕ್ ಬರಲಿಲ್ಲ."

ನಾನು ಮತ್ತೆ ಚೀಲವನ್ನೇ ನೋಡಿದೆ. ಅವರೇ ಹೇಳಿದರು.

"ಕೌಂಟರಿನಲ್ಲಿ ಎಲ್ಲಾ ತೂಗಿದರು. ಪೆಟ್ಟಿಗೇನೂ ಸೇರಿಸಿ. ಮೂರೂವರೆ ಪೌಂಡ್ ಹೆಚ್ಚಾಯ್ತು. ಪೆಟ್ಟಿಗೆ ಲೆಕ್ಕಕ್ಕಿಲ್ಲ ಅಂತ ನಾನು ವಾದ ಮಾಡಿದೆ. ನೀವು ಅಷ್ಟು ಖಂಡಿತ ಬರೆದಿದ್ದಿರಲ್ಲ, ಅಸ್ಥಿಗೆ ಏನೋ ವಿನಾಯಿತಿ ಇರಬೇಕು, ಕಂಪನಿಯವರನ್ನೇ ಕೇಳಿದ್ದೀರಿ ಅಂದುಕೊಂಡಿದ್ದೆ. ಕೌಂಟರಿನವ ನಿಯಮದ ಪುಸ್ತಕ ತೆಗೆದು ತೋರಿಸಿದ. ಹೆಚ್ಚಾದ ಪ್ರತಿ ಕಿಲೋಗೆ ಫಸ್ಟ್ ಕ್ಲಾಸ್ ದರದ ನೂರರಲ್ಲಿ ಒಂದು ಪಾಲು ಕಟ್ಟಬೇಕಂತೆ. ನನ್ನದು ಟೂರಿಸ್ಟ್ ಟಿಕೆಟಲ್ವಾ ಅಂದೆ. ಕೂರೋದು ಟೂರಿಸ್ಟಲ್ಲಿ, ಹೆಚ್ಚಿನ ತೂಕಕ್ಕೆ ಎಲ್ಲರಿಗೂ ಫಸ್ಟ್ ಕ್ಲಾಸೇ ಅಂದ. ನನ್ನ ಜೇಬಲ್ಲಿ ಏಳು ಶಿಲ್ಲಿಂಗ್ ಇತ್ತು."

"ಸರಿ," ಎಂದೆ.

"ಹಿಂದೆ ಸಾಲು ನಿಂತಿತ್ತು. ಏನಾದರೂ ತೆಗೀರಿ ಅಂದ. ಮೇಲೆ ನೋಟ್‌ಬುಕ್ಕೇ ಇತ್ತು, ತೆಗೆದೆ. ತಂಗಿ ಮದುವೆಗೆ ಅಂತ ಒಂದು ಗಡಿಯಾರ ತಂದಿದ್ದೇನೆ ಅತ್ತಿಗೆ, ಐದು ಪೌಂಡ್. ಅದನ್ನು ತೆಗೀಬಹುದಿತ್ತು. ವಿಮಾನ ಮೇಲೆ ಹೋದ ಮೇಲೆ ನೆನಪಾಯ್ತು." ಅವರ ಕೈ ಪೆಟ್ಟಿಗೆಯ ಮೇಲೆ ಬಿಗಿಯಿತು. "ಬೊಂಬಾಯಿಯ ಆಫೀಸಿಂದ ತಂತಿ ಕೊಡಿಸಿದೆ. ಎರಡು ದಿನ ಅಲ್ಲೇ ಕಾದೆ. ಅಂಥದ್ದು ಏನೂ ಇಲ್ಲಿಲ್ಲ ಅಂತ ಉತ್ತರ ಬಂತು. ಕಸ ಅಂತ ಎತ್ತಿ ಹಾಕಿರಬೇಕು. ಕನ್ನಡ ನೋಡಿ, ಅವರಿಗೆ ಅದು ಏನು ಅಂತ ಹೇಗೆ ಗೊತ್ತಾಗೋದು?"

"ನೀವು ಓದಿದ್ದಿರಾ?"

"ಇಲ್ಲ. ಮೊದಲ ಪುಟ ತೆರೆದಿದ್ದೆ, ಕಾಲೇಜಿನದ್ದೋ ಏನೋ ನೋಡೋಣ ಅಂತ. ನಿಮ್ಮ ಹೆಸರಿತ್ತು. ಮುಚ್ಚಿದೆ."

ಓದಿದ್ದರೆ ಒಂದೆರಡು ಸಾಲಾದರೂ ನೆನಪಿರುತ್ತಿತ್ತು. ಎಷ್ಟು ಸಭ್ಯ ಮನುಷ್ಯ ಎಂದು ಅವರ ಮೇಲೆ ಸಿಟ್ಟು ಬಂತು.

"ಮನೆಯಲ್ಲಿ ನಾನು ಮಾತಾಡುತ್ತೇನೆ. ನೀವು ಸುಮ್ಮನಿರಿ," ಎಂದೆ.

ಅತ್ತೆ ಅಂಗಳಕ್ಕೇ ಬಂದು ಪೆಟ್ಟಿಗೆಯನ್ನು ತೆಗೆದುಕೊಂಡರು. ತೆಗೆದುಕೊಂಡವರು ಕೂರಲಿಲ್ಲ, ಒಳಗೂ ಹೋಗಲಿಲ್ಲ. ಹಾಗೇ ನಿಂತಿದ್ದರು. ಆಮೇಲೆ, "ಭಾರ ಉಂಟು," ಎಂದರು, ಯಾರಿಗೂ ಅಲ್ಲ. ಹುಟ್ಟಿದ ಮಗುವನ್ನು ಕಂಡವರು ಹೇಳುವ ಹಾಗೆ ಹೇಳಿದರು.

ಊಟವಾಯಿತು. ಕಾಫಿ ಕುಡಿಯುವಾಗ ಮಾವ ದೇರಪ್ಪನವರ ಕಡೆಗೆ ಬಾಗಿದರು.

"ಪೆಟ್ಟಿಗೆ ತೂಕ ಕಳೆದರಲ್ಲ?"

ದೇರಪ್ಪನವರು ನನ್ನನ್ನು ನೋಡಿದರು.

"ಕಳೆದರಂತೆ ಮಾವ," ಎಂದೆ.

"ನಾನು ಹೇಳಿರಲಿಲ್ವಾ!" ಮಾವ ಮೊಣಕಾಲಿಗೆ ಬಡಿದುಕೊಂಡರು. "ತೂಕದ ವಿಷಯದಲ್ಲಿ ಅವರು ಜನ ಸರಿ. ಬೇರೆ ಏನೇ ಇರಲಿ. ಮತ್ತೆ ಇವಳ ಪುಸ್ತಕ?"

"ಸೂಟ್‌ಕೇಸಿನಲ್ಲಿ ಹಿಡಿಸಲಿಲ್ಲವಂತೆ. ಹಡಗಿನ ಅಂಚೆಗೆ ಹಾಕಿದ್ದಾರೆ."

ದೇರಪ್ಪನವರು ಲೋಟದೊಳಗೆ ನೋಡುತ್ತಿದ್ದರು. ಹೊರಡುವಾಗ ಒಂದು ಕಾಗದದ ಕಟ್ಟನ್ನು ಮಾವನ ಕೈಗೆ ಕೊಟ್ಟರು: ಆಸ್ಪತ್ರೆಯ ಸರ್ಟಿಫಿಕೇಟು, ದಹನದ ಸರ್ಟಿಫಿಕೇಟು, ಸುಂಕದವರ ಚೀಟಿ, ಟಿಕೆಟಿನ ಕವರು. ಬಸ್ಸಿನವರೆಗೆ ನಾನು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಭಾಗಮಂಡಲಕ್ಕೆ ಹೋಗಿ ಸಂಗಮದಲ್ಲಿ ಅಸ್ಥಿ ಬಿಟ್ಟೆವು. ಬೇಸಿಗೆ, ನೀರು ಕಡಿಮೆ ಇತ್ತು. ಐದು ಪೌಂಡ್ ಹೋಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅತ್ತೆ ಅಳಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದರು. ಮೂರು ತಿಂಗಳಲ್ಲಿ ಅವರು ಹಾಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಅವರಿಗೆ ಬೇಕಾದದ್ದು ಬಂದಿತ್ತು.

ಅದರ ಮರುದಿನ ಮಾವ ಜಗಲಿಯಲ್ಲಿ ಕಾಗದದ ಕಟ್ಟು ಬಿಚ್ಚಿ ಕೂತರು. ಒಂದೊಂದನ್ನೇ ನೋಡಿ ಮಡಿಸಿ ಇಡುತ್ತಿದ್ದರು. ಟಿಕೆಟಿನ ಕವರಿನೊಳಗಿಂದ ಕಂಪನಿಯ ಒಂದು ಸಣ್ಣ ಪುಸ್ತಿಕೆ ಸಿಕ್ಕಿತು. ಮಡಿಕೆಯೂ ಬಿಚ್ಚಿರಲಿಲ್ಲ, ಹೊಸದು. ಅಚ್ಚಿನ ಇಂಗ್ಲಿಷ್. ಮಾವ ಬೆರಳಿಟ್ಟು ಓದತೊಡಗಿದರು. ನಾನು ಮೆಣಸು ಒಣಹಾಕುತ್ತಿದ್ದೆ.

"ಯಮುನ, ಇಲ್ಲಿ ಬಾ. ಇದು ಏನು ಹೇಳು."

ಹೋಗಿ ಅವರ ಬೆರಳಿದ್ದಲ್ಲಿ ಓದಿದೆ. ಎಲ್ಲ ದರ್ಜೆಯ ಪ್ರಯಾಣಿಕರೂ ತೂಕಕ್ಕೆ ಇಡದೆ ಕೈಯಲ್ಲಿ ಒಯ್ಯಬಹುದಾದ ವಸ್ತುಗಳು: ಓವರ್‌ಕೋಟು ಒಂದು. ಕೊಡೆ ಅಥವಾ ಊರುಗೋಲು. ಹೆಂಗಸರ ಕೈಚೀಲ. ಸಣ್ಣ ಕ್ಯಾಮೆರಾ. ಮಗುವಿಗೆ ದಾರಿಯಲ್ಲಿ ಬೇಕಾದ ಆಹಾರ. ಪ್ರಯಾಣದಲ್ಲಿ ಓದಿಕೊಳ್ಳಲು ಪುಸ್ತಕ.

"ಪುಸ್ತಕಕ್ಕೆ ತೂಕವೇ ಇಲ್ಲವಂತಲ್ಲ," ಎಂದರು ಮಾವ. "ಒಂದು ಕೈಯಲ್ಲಿ ಹಿಡಕೊಂಡು ಬಂದಿದ್ದರೆ ಆಗ್ತಿತ್ತು. ಎರಡೇ ಪುಸ್ತಕ. ಯಾರೂ ಕೇಳ್ತಿರಲಿಲ್ಲ."

"ಹೌದು ಮಾವ."

"ಪಾಪ, ದೇರಪ್ಪನಿಗೆ ಗೊತ್ತಾಗಲಿಲ್ಲ. ಸುಮ್ಮನೆ ಹಡಗಿಗೆ ಹಾಕಿದ."

"ಹೌದು."

ಅವರು ಪುಸ್ತಿಕೆಯನ್ನು ಮಡಿಸಿ ಕವರಿನೊಳಗೆ ಇಟ್ಟರು. ಮತ್ತೆ ನನ್ನ ಮುಖ ನೋಡಿದರು. ನಾನು ಬೇಸರಪಟ್ಟಿದ್ದೇನೆ ಎಂದು ಅವರಿಗೆ ಕಂಡಿರಬೇಕು.

"ಹಡಗಿಗೆ ಎಷ್ಟು ದಿನ ಹಿಡೀತದೆ?"

"ಎರಡು ತಿಂಗಳು."

"ಅಷ್ಟೇ ತಾನೇ?" ಎಂದು ಎದ್ದು ಒಳಗೆ ಹೋದರು. ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತುವ ಸದ್ದು ಕೇಳಿಸಿತು, ಒಂದು, ಆಮೇಲೆ ಇನ್ನೊಂದು. ನಾನು ಬಾಗಿಲಿಗೆ ಬಂದು ನೋಡಿದೆ. ಮಾವ ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು, ಜೂನ್ ತಿಂಗಳ ಕೊನೆಯ ಸೋಮವಾರದ ಸುತ್ತ ಗುರುತು ಹಾಕುತ್ತಿದ್ದರು.