ಮೂರನೆಯ ತಿಂಗಳ ಹದಿನಾಲ್ಕು

"ಹದಿನಾಲ್ಕಕ್ಕೆ ಗುಹೆ ಬಾಯಲ್ಲಿರಬೇಕು ಅಂದ್ರೆ ಹನ್ನೆರಡಕ್ಕೇ ರೈಲು ಹತ್ತಬೇಕು, ಅತ್ತಿಗೆ," ಎಂದ ಬಾಂಗ್. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ನೆಲದ ಮೇಲೆ ಗುಹೆ ಪ್ರವಾಸದ ಬಣ್ಣದ ಜಾಹೀರಾತು ಕಾಗದವೊಂದನ್ನು ಬಿಡಿಸಿಟ್ಟಿದ್ದ. ಅದರಲ್ಲಿ ಗುಹೆಯ ಒಳಗೆಲ್ಲ ಹಸಿರು, ನೇರಳೆ ದೀಪ. ದೋಣಿಯ ತುಂಬ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಹಲ್ಲು ಬಿಟ್ಟುಕೊಂಡು ಕೂತ ಜನ. ಎರಡು ಹಗಲು, ಒಂದು ರಾತ್ರಿ, ಊಟ ಸೇರಿ. "ಈ ದೀಪದ ಗುಹೆ ನಮಗೆ ಬೇಡ. ಆದ್ರೆ ಇವರ ವ್ಯಾನಿನಲ್ಲೇ ಹೋದ್ರೆ ಅನುಕೂಲ. ನಮ್ಮನ್ನ ಬೆಟ್ಟದ ಬುಡದಲ್ಲಿ ಇಳಿಸಿ ಸಂಜೆ ಹತ್ತಿಸ್ಕೋತಾರೆ. ಫೋನ್ ಮಾಡಿ ಮಾತಾಡಿದೀನಿ."

ಮಿಯೆನ್ ಮಗ್ಗದ ಹಲಗೆಯನ್ನು ಎಳೆದು ಬಡಿದಳು. ಚಾಪೆ ಮಗ್ಗಕ್ಕೆ ಇಬ್ಬರು ಬೇಕು. ಒಬ್ಬರು ಉದ್ದನೆಯ ಕೋಲಿನ ತುದಿಗೆ ಜೊಂಡು ಸಿಕ್ಕಿಸಿ ದಾರಗಳ ನಡುವೆ ತೂರಿಸಬೇಕು, ಇನ್ನೊಬ್ಬರು ಬಡಿಯಬೇಕು. ತೂರಿಸುವವನು ಅವಳ ಗಂಡ ಖಾಯ್. ಮೂವತ್ತೆಂಟು ವರ್ಷಗಳಿಂದ ಇಬ್ಬರೂ ಹೀಗೆಯೇ ಕೂತಿದ್ದಾರೆ.

"ಅಜ್ಜ, ಜೊಂಡು ತೂರಿಸ್ತೀಯೋ, ನಿದ್ದೆ ತೂರಿಸ್ತೀಯೋ?" ಎಂದಳು ಮಿಯೆನ್.

ಖಾಯ್ ಕೋಲು ತಳ್ಳಿದ. "ಮೂರನೇ ತಿಂಗಳು ಬೇಡ ಬಾಂಗ್. ಜಿಟಿಜಿಟಿ ಮಳೆ ಬಿಟ್ಟಿರಲ್ಲ. ಕಲ್ಲೆಲ್ಲ ಪಾಚಿ. ನನ್ನ ಮಂಡಿ ಬೇರೆ."

"ನಿನ್ನ ಮಂಡಿ ಮೊನ್ನೆ ಚೆನ್ನಾಗಿತ್ತಲ್ಲ, ಖಾಯಣ್ಣ. ಸಂತೆಗೆ ನಡಕೊಂಡೇ ಹೋಗಿದ್ದೆ. ತಿಥಿ ದಿನ ಬಿಟ್ಟು ಬೇರೆ ದಿನ ಹೋಗೋಕೆ ನಾವೇನು ದೋಣಿ ಆಡೋಕೆ ಹೋಗ್ತಿದೀವಾ?"

ಬಾಂಗ್ ಖಾಯನ ತಮ್ಮನಲ್ಲ, ಮಿಯೆನಳ ಮೊದಲ ಗಂಡ ದ್ವಾನನ ತಮ್ಮ. ಶಾಲೆ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಯಾವುದನ್ನು ಹಿಡಿದರೂ ಪಾಠದ ಹಾಗೆ ಮೊದಲಿಂದ ಕೊನೆಯವರೆಗೆ ಮುಗಿಸಿಯೇ ಬಿಡುವ ಆಸಾಮಿ. ದ್ವಾನ್ ಸತ್ತು ನಲವತ್ತೆರಡು ವರ್ಷವಾಗಿತ್ತು. ಯುದ್ಧದ ಕಾಲಕ್ಕೆ ದಕ್ಷಿಣದ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ರಸ್ತೆ ದುರಸ್ತಿಯ ತಂಡದಲ್ಲಿದ್ದಾಗ, ಹಗಲು ಮಲಗಲು ಹೊಕ್ಕ ಗುಹೆಯ ಬಾಯಿಗೆ ಬಾಂಬಿನ ಏಟಿಗೆ ಬಂಡೆ ಬಂದು ಕೂತಿತು. ಒಳಗೆ ಆರು ಜನ. ಸರ್ಕಾರದಿಂದ ಬಂದ ಸಾವಿನ ಕಾಗದದಲ್ಲಿ ದಿನ ಇತ್ತು: ಮೂರನೆಯ ತಿಂಗಳ ಹದಿನಾಲ್ಕು. ಅಂದಿನಿಂದ ಪ್ರತಿ ವರ್ಷ ಚಾಂದ್ರಮಾನದ ಆ ದಿನವೇ ತಿಥಿ. ಊರಿನ ಮಸಣದಲ್ಲಿ ಅವನ ಹೆಸರಿನದೊಂದು ಬರಿದಾದ ಗೋರಿಯನ್ನೂ ಕಟ್ಟಿದ್ದರು. ಈ ಸಲದ ಚಳಿಗಾಲದಲ್ಲಿ ತೀರಿಕೊಂಡ ಅವನ ತಾಯಿ, ಆ ಗುಹೆಯ ಒಂದು ಹಿಡಿ ಮಣ್ಣನ್ನಾದರೂ ತಂದು ಮಗನ ಗೋರಿಗೆ ಹಾಕಿ, ತನ್ನ ಪಕ್ಕದಲ್ಲಿ ಅವನು ಬರಿದಾಗಿ ಮಲಗುವುದು ಬೇಡ ಎಂದು ಹೇಳಿ ಕಣ್ಣು ಮುಚ್ಚಿದ್ದಳು.

ಆ ಕಾಗದದಲ್ಲಿದ್ದ ದಿನ ಸುಳ್ಳು ಎಂಬುದು ಖಾಯನಿಗೆ ಗೊತ್ತಿತ್ತು. ಈಗ ಬದುಕಿರುವವರಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಅವನೂ ಅದೇ ತಂಡದಲ್ಲಿದ್ದವನು. ಯುದ್ಧ ಮುಗಿದ ಮೇಲೆ ದ್ವಾನನ ಚೀಲ ಹಿಡಿದು ಈ ಮನೆಯ ಬಾಗಿಲಿಗೆ ಬಂದವನು ಅವನೇ. "ಒಂದೇ ಕ್ಷಣ, ಅಮ್ಮ. ನೋವು ಅಂತ ಗೊತ್ತೇ ಆಗಲಿಲ್ಲ ಅವನಿಗೆ," ಎಂದಿದ್ದ. ಆ ತಾಯಿ ಅಳುತ್ತಲೇ ಅವನಿಗೆ ಅನ್ನ ಬಡಿಸಿದಳು. ಒಂದು ವರ್ಷ ಕಳೆದ ಮೇಲೆ ತಾನೇ ಮುಂದೆ ನಿಂತು ಸೊಸೆಯನ್ನು ಅವನಿಗೆ ಕೊಟ್ಟು ಮದುವೆ ಮಾಡಿದಳು. ಆ ಸುಳ್ಳಿನ ಮೇಲೆ ಮನೆ ನಿಂತಿತು, ಎರಡು ಮಕ್ಕಳಾದವು. ಈಗ ಅದನ್ನು ಬಿಚ್ಚಿದರೆ ಈ ಹೆಂಗಸು ತನ್ನ ಮುಖ ನೋಡುವಳೇ ಎಂಬುದೊಂದೇ ಖಾಯನ ಭಯ. ಮನೆಯಲ್ಲಿ ತಪ್ಪು ದಿನ ತಿಥಿ ಮಾಡುವುದನ್ನು ಹೇಗೋ ಸಹಿಸಿದ್ದ. ಪ್ರತಿ ವರ್ಷ ಆ ದಿನ ಎರಡು ಲೋಟ ಹೆಚ್ಚಿಗೆ ಕುಡಿದು ಮಲಗಿಬಿಡುತ್ತಿದ್ದ. ಗೆಳೆಯನ ದುಃಖ ಎಂದು ಜನ ತಿಳಿದಿದ್ದರು.

ಬಾಂಗ್ ಜೇಬಿನಿಂದ ಮಡಿಸಿದ ಹಳದಿ ಕಾಗದ ತೆಗೆದ. ಸತ್ತವರ ಮುಂದೆ ಓದಿ ಸುಡುವ ಬಿನ್ನಹ. "ಅಲ್ಲಿ ತಡವರಿಸಬಾರದು ನೋಡಿ, ಈಗಲೇ ಬರೆದೆ. ಕೇಳಿ. 'ಅಣ್ಣ ದ್ವಾನ್, ಮೂರನೆಯ ತಿಂಗಳ ಹದಿನಾಲ್ಕರಂದು ಮಧ್ಯಾಹ್ನ ಪ್ರಾಣ ಬಿಟ್ಟವನೇ, ಅದೇ ದಿನ ನಿನ್ನ ಬಾಗಿಲಿಗೆ ಬಂದು ನಿಂತಿದ್ದೇವೆ, ಕೇಳಿಸಿಕೋ…'"

ಖಾಯನ ಕೈಯಲ್ಲಿದ್ದ ಕೋಲು ದಾರಕ್ಕೆ ಸಿಕ್ಕಿಕೊಂಡಿತು. ಎಳೆದ. ಎರಡು ದಾರ ಪಟ್ಟೆಂದು ಹರಿದವು.

"ಏನಾಯ್ತು ನಿನಗೆ?" ಎಂದಳು ಮಿಯೆನ್.

"ಏನಿಲ್ಲ."

ಬಾಂಗ್ ಕಾಗದ ಮಡಿಸಿಕೊಂಡು ಎದ್ದ. "ಸಂಜೆ ಬರ್ತೀನಿ. ಇಬ್ಬರೂ ಕೂತು ಗಟ್ಟಿ ಮಾಡಿ ಹೇಳಿ. ಹೊಸ ವರ್ಷದ ಟೆಟ್ ಹಬ್ಬ ಹತ್ತಿರ ಬಂತು. ಆಮೇಲೆ ಟಿಕೆಟ್ ಸಿಗಲ್ಲ ಅಂತ ನನ್ನ ಬಯ್ಯಬೇಡಿ." ಸೈಕಲ್ಲು ಹತ್ತಿ ಕಾಲುವೆಯ ದಂಡೆ ಹಿಡಿದು ಹೋದ. ಹೊರಗೆ ಮಂಜಿನಂಥ ಮಳೆ ಹಿಡಿದಿತ್ತು.

ಮಿಯೆನ್ ಹರಿದ ದಾರದ ತುದಿಗಳನ್ನು ಹುಡುಕಿ ಗಂಟು ಹಾಕತೊಡಗಿದಳು. "ಮೂರು ದಿನದಿಂದ ನೋಡ್ತಾ ಇದೀನಿ. ಹದಿನಾಲ್ಕು ಅಂದ್ರೆ ಸಾಕು, ಮುಖ ಹುಳ್ಳಗೆ ಮಾಡ್ಕೋತೀಯ. ಅವನ ಹತ್ತಿರ ನನ್ನ ಕರ್ಕೊಂಡು ಹೋಗೋಕೆ ಇಷ್ಟ ಇಲ್ವಾ? ಈ ವಯಸ್ಸಲ್ಲಿ ಹೊಟ್ಟೆಕಿಚ್ಚಾ?"

ನಗಿಸಲು ಆಡಿದ ಮಾತು. ಅವನಿಗೆ ನಗು ಬರಲಿಲ್ಲ. ಗುಹೆಯ ಬಾಯಲ್ಲಿ ನಿಂತು ಆ ದಿನವನ್ನು ದ್ವಾನನ ಎದುರಿಗೇ ಓದಿ ಹೇಳುವುದನ್ನು ಕೇಳಿಸಿಕೊಳ್ಳುವುದು ಅವನಿಂದ ಆಗುತ್ತಿರಲಿಲ್ಲ. ಕೋಲನ್ನು ಮಡಿಲಲ್ಲಿಟ್ಟುಕೊಂಡು, ಮಗ್ಗದ ಕಡೆ ನೋಡುತ್ತಲೇ ಹೇಳಿಬಿಟ್ಟ.

"ಹದಿನಾಲ್ಕಕ್ಕೆ ಅವನು ಸಾಯಲಿಲ್ಲ ಮಿಯೆನ್. ಬಂಡೆ ಬಿದ್ದಿದ್ದು ಹದಿನಾಲ್ಕಕ್ಕೆ. ಅವರು ಒಳಗಿದ್ರು. ಮಾತಾಡ್ತಿದ್ರು."

ಅವಳ ಬೆರಳು ಗಂಟಿನ ಮೇಲೆಯೇ ನಿಂತಿತು.

"ನಾನು ನೀರು ತರೋಕೆ ಹೊಳೆಗೆ ಹೋಗಿದ್ದೆ. ಇಲ್ಲದಿದ್ರೆ ನಾನೂ ಒಳಗೇ. ಬಂಡೆ ಮನೆಯಷ್ಟು ದೊಡ್ಡದು. ಸಿಡಿಮದ್ದು ಇಟ್ರೆ ಬೆಟ್ಟಾನೇ ಕುಸೀತದೆ ಅಂದ್ರು. ಒಂದು ಬಿರುಕು ಇತ್ತು, ಕೈ ಹೋಗ್ತಿರಲಿಲ್ಲ. ಬಿದಿರ ಕೊಳವೆ ತೂರಿಸಿ ಗಂಜಿ ಹುಯ್ದೆವು. ಅವರಿಗೆ ಮುಟ್ಟಿತೋ ಇಲ್ವೋ ದೇವರಿಗೇ ಗೊತ್ತು. ಮೊದಮೊದಲು ಆರೂ ಜನರ ದನಿ ಕೇಳ್ತಿತ್ತು. ಆಮೇಲೆ ಇಬ್ಬರದು. ಹಗಲೋ ರಾತ್ರಿಯೋ ಅಂತ ಕೇಳ್ತಿದ್ದ ದ್ವಾನ್. ಅದನ್ನೇ ಕೇಳ್ತಿದ್ದ. ಹಗಲು ಅಂತಿದ್ದೆ. ಯಾವಾಗ ಕೇಳಿದ್ರೂ ಹಗಲು ಅಂತಿದ್ದೆ."

"ಎಷ್ಟು ದಿನ?"

"ಹತ್ತೊಂಬತ್ತಕ್ಕೆ ನಮಗೆ ಆದೇಶ ಬಂತು. ಮುಂದಿನ ಕಣಿವೇಲಿ ರಸ್ತೆ ಹೋಗಿದೆ, ಲಾರಿಗಳು ನಿಂತಿವೆ, ಹೊರಡಿ ಅಂತ."

"ಹೊರಟೆಯಾ?"

"ಹೊರಟೆ."

"ಅವತ್ತು ಮಾತಾಡ್ತಿದ್ದನಾ?"

"ಮಾತಾಡ್ತಿದ್ದ. ಹಾರೆ ತರ್ತೀನಿ, ಬರ್ತೀನಿ ಅಂದೆ. ಸರಿ ಅಂದ." ಖಾಯ್ ಮಡಿಲಿನ ಕೋಲನ್ನು ಪಕ್ಕಕ್ಕಿಟ್ಟ. "ಯಾವತ್ತು ಹೋದ ಅಂತ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಕಾಗದ ಬರೆದವರು ಬಂಡೆ ಬಿದ್ದ ದಿನವನ್ನೇ ಬರೆದರು. ಅಮ್ಮನ ಮುಖ ನೋಡಿದ ಮೇಲೆ ನನಗೆ ಬಾಯಿ ಬರಲಿಲ್ಲ. ಆಮೇಲೆ ನೀನು… ಆಮೇಲೆ ಹೇಳೋಕೆ ದಾರಿಯೇ ಉಳೀಲಿಲ್ಲ."

ಅವಳು ಅಳುವಳೆಂದು ಕಾದ. ಅವಳು ಅಳಲಿಲ್ಲ, ಬಯ್ಯಲಿಲ್ಲ. ಗಂಟು ಬಿಗಿದು, ಹೆಚ್ಚಿನ ದಾರವನ್ನು ಹಲ್ಲಿನಿಂದ ಕತ್ತರಿಸಿ ಉಗಿದಳು. ಎದ್ದು ಸೆರಗಿನಂತೆ ಹೊದ್ದ ವಸ್ತ್ರವನ್ನು ತಲೆಗೆ ಸುತ್ತಿಕೊಂಡು ಮಳೆಯಲ್ಲೇ ಹೊರಗೆ ನಡೆದಳು. ಮಸಣದ ಕಡೆ ಹೋದಳೆಂದು ಅವನಿಗೆ ತಿಳಿಯಿತು. ಹಿಂದೆ ಹೋಗುವ ಧೈರ್ಯವಾಗಲಿಲ್ಲ. ಒಬ್ಬನೇ ಕೂತು ಜೊಂಡನ್ನು ಉದ್ದ ಗಿಡ್ಡ ನೋಡಿ ವಿಂಗಡಿಸಿದ. ವಿಂಗಡಿಸಿದ್ದನ್ನೇ ಮತ್ತೆ ಬೆರೆಸಿ ಮತ್ತೆ ವಿಂಗಡಿಸಿದ. ಮುದಿ ಕೈಗೆ ಏನಾದರೂ ಕೆಲಸ ಬೇಕಲ್ಲ.

ಮಧ್ಯಾಹ್ನ ಅವಳು ಬಂದು ಅಡುಗೆ ಮಾಡಿದಳು. ಅವನಿಗೂ ಬಡಿಸಿದಳು, ಎದುರಿಗೆ ಕೂರಲಿಲ್ಲ. ಮೀನುಸಾರಿನ ಬಟ್ಟಲನ್ನು ಅವನ ಮುಂದೆ ಇಡುವಾಗಲೂ ಬೇರೆ ಕಡೆ ನೋಡುತ್ತಿದ್ದಳು. ಮದುವೆಯಾದ ಹೊಸತರಲ್ಲೂ ಅವಳು ಇಷ್ಟು ಅಪರಿಚಿತಳಾಗಿ ಇರಲಿಲ್ಲ. ಅವನು ಎರಡು ತುತ್ತು ತಿಂದು ಊಟದ ಕಡ್ಡಿಗಳನ್ನು ಕೆಳಗಿಟ್ಟ.

ದೀಪ ಹಚ್ಚುವ ಹೊತ್ತಿಗೆ ಬಾಂಗ್ ಬಂದ. ಒದ್ದೆ ಟೊಪ್ಪಿಗೆ ಕೊಡವಿ, ಪುಸ್ತಕ ಪೆನ್ನು ತೆಗೆದು ಕೂತ. "ಹೇಳಿ. ಹನ್ನೆರಡಕ್ಕೆ ತಾನೆ?"

"ಬೇಡ," ಎಂದಳು ಮಿಯೆನ್. ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. "ಮೊದಲನೇ ತಿಂಗಳು. ಇಪ್ಪತ್ತಕ್ಕೆ ಅಲ್ಲಿರಬೇಕು."

ಖಾಯ್ ತಲೆ ತಗ್ಗಿಸಿದ. ಈಗ ಎಲ್ಲ ಹೊರಗೆ ಬರುತ್ತದೆ ಎಂದುಕೊಂಡ.

"ಇಪ್ಪತ್ತಾ? ಅದೇನು ದಿನ ಅತ್ತಿಗೆ? ಟೆಟ್ ಮುಗಿದ ಹೊಸತು, ರೈಲಿನಲ್ಲಿ ಕಾಲಿಡೋಕೂ ಜಾಗ ಇರಲ್ಲ."

"ನಿಮ್ಮಣ್ಣ ಮನೆ ಬಿಟ್ಟು ಹೋದ ದಿನ. ನೀನು ಚಿಕ್ಕವನು, ನಿನಗೆ ನೆನಪಿರಲ್ಲ. ಕಾಲುವೆ ತನಕ ನಾನೇ ಹೋಗಿ ಕಳಿಸಿ ಬಂದೆ."

"ಮನೆ ಬಿಟ್ಟ ದಿನ ತಿಥಿ ಇಡೋದು ಸತ್ತ ದಿನ ಗೊತ್ತಿಲ್ಲದವರಿಗೆ. ನಮ್ಮಲ್ಲಿ ಸರ್ಕಾರದ ಕಾಗದ ಇದೆಯಲ್ಲ."

"ಕಾಗದದಲ್ಲಿ ತಪ್ಪಿದೆ."

"ಯಾರು ಹೇಳಿದ್ರು?"

ಮಿಯೆನ್ ಮತ್ತೆ ಕೈ ಒರೆಸಿಕೊಂಡಳು. ಬಾಂಗ್ ಅವಳನ್ನು ನೋಡಿದ, ಆಮೇಲೆ ಖಾಯನನ್ನು ನೋಡಿದ. ಮಾಸ್ತರಾಗಿದ್ದವನು. ಯಾವ ಹುಡುಗ ಏನು ಬಚ್ಚಿಡುತ್ತಿದ್ದಾನೆ ಎಂದು ಮುಖ ನೋಡಿಯೇ ಹೇಳುತ್ತಿದ್ದವನು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದ. ಹಳದಿ ಕಾಗದ ತೆಗೆದು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡ.

"ಬೇರೆ ಬರೀತೀನಿ," ಎಂದ. ದನಿ ಸಣ್ಣಗಾಗಿತ್ತು. "ಟಿಕೆಟ್ ಎಷ್ಟು ಅತ್ತಿಗೆ? ಎರಡಾ, ಮೂರಾ?"

ಖಾಯ್ ಮನಸ್ಸಿನಲ್ಲೇ ಎರಡು ಎಂದುಕೊಂಡ. ಎರಡೇ ಸರಿ, ತನಗೆ ಅಲ್ಲೇನು ಕೆಲಸ.

"ಮೂರು," ಎಂದಳು ಮಿಯೆನ್. "ಮಣ್ಣು ತೆಗೆಯೋವಾಗ, ನಮ್ಮ ಜೊತೆ ಬಾ ಅಂತ ಗುಹೆ ಬಾಯಲ್ಲಿ ಹೆಸರು ಹಿಡಿದು ಕರೀಬೇಕಲ್ಲ. ನೀನು ಕರೆದ್ರೆ ಅವನಿಗೆ ಗುರುತು ಸಿಗಲ್ಲ, ಅವನು ಹೋದಾಗ ನಿನ್ನ ದನಿಯೇ ಒಡೆದಿರಲಿಲ್ಲ. ನನ್ನದೂ ಮುದಿ ದನಿ. ಇವರೇ ಕರೀಲಿ. ಅವನು ಕೊನೆಗೆ ಕೇಳಿದ್ದು ಇವರ ದನೀನೇ. ಬರ್ತೀನಿ ಅಂತ ಹೇಳಿ ಬಂದಿದಾರೆ."

ಅಷ್ಟು ಹೇಳಿ ಒಳಗೆ ಹೋದಳು. ಮೂವತ್ತೆಂಟು ವರ್ಷದಲ್ಲಿ ಅವನನ್ನು ಅವಳು 'ಇವರು' ಎಂದದ್ದಿಲ್ಲ. ಬಾಂಗ್ ಪುಸ್ತಕದಲ್ಲಿ ಮೂರು ಹೆಸರು ಬರೆದುಕೊಂಡು, ಗುರುತಿನ ಚೀಟಿಗಳನ್ನು ನಾಳೆ ಬೆಳಿಗ್ಗೆ ಕೊಂಡುಹೋಗುತ್ತೇನೆ ಎಂದು ಎದ್ದ. ಹೋಗುವಾಗ ಖಾಯನ ಹೆಗಲ ಮೇಲೆ ಒಂದು ಗಳಿಗೆ ಕೈ ಇಟ್ಟ.

ಖಾಯ್ ಅಂಗಳಕ್ಕೆ ಇಳಿದ. ಮಳೆ ತೆಳುವಾಗಿತ್ತು. ಕಾಲುವೆಯಾಚೆ ಯಾರದೋ ಮನೆಯಲ್ಲಿ ಹಬ್ಬಕ್ಕೆಂದು ಗೋಡೆಗೆ ಸುಣ್ಣ ಬಳಿಯುತ್ತ ನಗುತ್ತಿದ್ದರು. ಬೇಲಿಯ ಹತ್ತಿರ ನಿಂತು, ಯಾರಿಗೂ ಕೇಳದಂತೆ, ಆ ಹೆಸರನ್ನು ಕರೆದು ನೋಡಿದ. "ದ್ವಾನ್." ಗಂಟಲಲ್ಲಿ ಗಾಳಿಯಷ್ಟೇ ಬಂತು. ಕೆಮ್ಮಿ ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕರೆದ.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಮತ್ತೆ ಶುರುವಾಗಲೆಂದು ಅವನು ಬೇಲಿ ಹಿಡಿದುಕೊಂಡು ಕಾದ.