ಇಪ್ಪತ್ಮೂರು ತೂತು

ಬಿಸಿಲುಗಾಲ ಶುರುವಾಗಿ, ತಗಡಿನ ಸೂರು ಬೆಳಿಗ್ಗೆ ಒಂಬತ್ತಕ್ಕೇ ಕಾವಲಿಯಂತೆ ಕಾದಿತ್ತು. ಗಿಡ್ಡಿ ಹಾಸಿಗೆ ಸುರುಳಿಯನ್ನು ತಳ್ಳುಗಾಡಿಗೆ ಬಿಗಿಯುತ್ತಿದ್ದಳು. ಖಾಲಿಯಾದ ಕೋಣೆಯ ಒಳಗಿನಿಂದ ಮೀಟರಪ್ಪನ ದನಿ ಬಂತು.

"ಇಪ್ಪತ್ತೊಂದು! ಲೇ ಗಿಡ್ಡಿ, ಇದೇನು ಗೋಡೆನಾ, ಜರಡಿನಾ? ಕತ್ತೆಮುಂಡೇವಾ, ಮೊಳೆ ಕಂಡ್ರೆ ಸಾಕು, ಹೊಡೆಯೋದೇ!"

ಬಾಡಿಗೆ ವಸೂಲಿಗೆ ಬಂದಾಗಲೆಲ್ಲ ಮೊದಲು ಕರೆಂಟ್ ಮೀಟರಿಗೆ ಮೂಗು ತಾಗಿಸಿ ನೋಡುವ ಓನರಿಗೆ ವಠಾರದವರು ಇಟ್ಟ ಹೆಸರು ಮೀಟರಪ್ಪ. ಇವತ್ತು ಹಾಡುಹಗಲಲ್ಲಿ ಟಾರ್ಚು ಹಿಡಿದು ಗೋಡೆಯ ತೂತು ಎಣಿಸುತ್ತಿದ್ದ. ತೂತಿಗೆ ನೂರು ರೂಪಾಯಿ ದಂಡ. ಎಣಿಸಿದ್ದನ್ನೇ ಮತ್ತೆ ಎಣಿಸಿದರೆ ಅನ್ಯಾಯವಾಗುತ್ತದಲ್ಲ ಎಂದು ಒಂದೊಂದರ ಸುತ್ತಲೂ ಬಳಪದಲ್ಲಿ ಗೆರೆ ಎಳೆಯುತ್ತಿದ್ದ.

"ಅದರಲ್ಲಿ ಒಂಬತ್ತು ನಾವು ಬರೋಕೆ ಮುಂಚೇನೇ ಇದ್ವು, ಯಜಮಾನ್ರೆ."

"ಹೊಸಿಲಾಚೆ ನಿಂತು ಮಾತಾಡು. ತೂತಿನ ಮೇಲೆ ತಾರೀಕು ಬರೆದಿಟ್ಟಿದ್ಯಾ?"

ಗಾಡಿಯ ಮೇಲೆ ಪಾತ್ರೆ ಮೂಟೆಗೆ ಒರಗಿ ಕೂತಿದ್ದ ಅತ್ತೆ ಒಳಕ್ಕೆ ಕೂಗಿದಳು. "ಏನಪ್ಪಾ, ನನ್ನ ಕಿವೀಲಿ ಎರಡು, ಮೂಗಲ್ಲಿ ಒಂದು ತೂತಿದೆ. ಅವನ್ನೂ ಸೇರಿಸ್ಕೋ!"

ಮಗ ಹೆಂಡತಿಯನ್ನು ಬಿಟ್ಟುಹೋದಾಗ ಈ ಅತ್ತೆ ಸೊಸೆಯ ಜೊತೆಯೇ ಉಳಿದುಕೊಂಡಿದ್ದಳು. ಯಾಕೆಂದು ಕೇಳಿದರೆ, "ಅವನಿಗೆ ಅನ್ನ ಬೇಯಿಸಕ್ಕೆ ಬರಲ್ಲ" ಎನ್ನುತ್ತಿದ್ದಳು. ಈಗ ಎರಡು ಬೀದಿ ಆಚೆ ಹೊಸ ಕೋಣೆ ಗೊತ್ತುಮಾಡಿಯಾಗಿತ್ತು. ಸಂಜೆಯೊಳಗೆ ಅಲ್ಲಿ ಇಪ್ಪತ್ತು ಸಾವಿರ ಅಡ್ವಾನ್ಸ್ ಇಡದಿದ್ದರೆ ಅತ್ತೆ, ಸೊಸೆ, ಪಾತ್ರೆ ಮೂಟೆ ಮೂರಕ್ಕೂ ಗಾಡಿಯೇ ಗತಿ. ಆ ಇಪ್ಪತ್ತು ಸಾವಿರ ಇದ್ದದ್ದು, ಈ ಕೋಣೆಗೆ ಕೊಟ್ಟ ಅಡ್ವಾನ್ಸಾಗಿ, ಮೀಟರಪ್ಪನ ಹತ್ತಿರ.

ಅವನು ಚೀಟಿ ಹಿಡಿದು ಹೊರಗೆ ಬಂದ. "ಬಾಗಿಲು ಹೊಸದು ಹಾಕಿಸ್ಬೇಕು, ಏಳು ಸಾವಿರ. ಕಕ್ಕಸು ಬೇಸಿನ್ ಬಿರುಕು ಬಿಟ್ಟಿದೆ, ಐದು. ನಲ್ಲಿ ಏಳ್ನೂರು. ತೂತು ಇಪ್ಪತ್ಮೂರು. ಮಿಕ್ಕಿದ್ದೆಲ್ಲ ಬಣ್ಣಕ್ಕೆ. ಇಪ್ಪತ್ತು ಸಾವಿರಕ್ಕೆ ಸರಿಹೋಯ್ತು. ನೀನೂ ಕೊಡೋದು ಬೇಡ, ನಾನೂ ಕೊಡೋದು ಬೇಡ."

"ಅಳತೆ ತಗೊಂಡು ಹೊಲಿಸಿದ ಅಂಗಿ ಥರ ಕೂತಿದೆ ನೋಡು, ಬಡ್ಡೀಮಗನ ಲೆಕ್ಕ," ಎಂದಳು ಅತ್ತೆ.

ಗಿಡ್ಡಿ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು. ಹದಿನೈದು ವರ್ಷದಿಂದ ಅವಳದು ಹಳೇ ಮನೆ ಕೆಡವುವ ಕೂಲಿ. ಆ ಕೆಲಸದಲ್ಲಿ ಸುತ್ತಿಗೆ ಎತ್ತುವ ಮುಂಚೆ ಒಂದು ವಿಷಯ ಇತ್ಯರ್ಥವಾಗಬೇಕು: ಕಿತ್ತ ಬಾಗಿಲು, ಕಿಟಕಿ, ನಲ್ಲಿ ಯಾರಿಗೆ? ಹೊಸದಕ್ಕೆ ಯಾರು ದುಡ್ಡು ಹಾಕುತ್ತಾರೋ ಅವರಿಗೆ. ಇದನ್ನು ಮೊದಲೇ ಕೇಳಿಕೊಳ್ಳದ ಮೇಸ್ತ್ರಿಗಳು ತಲೆ ಒಡೆಸಿಕೊಂಡದ್ದನ್ನು ಅವಳು ಕಂಡಿದ್ದಳು.

"ಯಜಮಾನ್ರೆ, ಹೊಸ ಬಾಗಿಲಿಗೆ ಹಾಕೋ ದುಡ್ಡು ನಮ್ದು ತಾನೆ?"

"ಮತ್ತೆ, ನಮ್ಮಪ್ಪಂದಾ?"

"ಹಾಗಾದ್ರೆ ಹಳೇದು ನಮ್ದು."

ಗಾಡಿಯಿಂದ ಉಳಿ, ಸುತ್ತಿಗೆ, ಹಾರೆ ಇಳಿದವು. ಬಾಗಿಲಿನ ಮೂರು ಕೀಲೂ ಐದು ನಿಮಿಷದಲ್ಲಿ ಬಿಟ್ಟುಕೊಂಡವು. ಅತ್ತೆ ಗಾಡಿಯಲ್ಲಿ ಸರಿದು ಬಾಗಿಲಿಗೆ ಜಾಗ ಮಾಡಿಕೊಟ್ಟಳು. ನಲ್ಲಿ ತಿರುಚಿ ತೆಗೆದು ಪೈಪಿನ ಬಾಯಿಗೆ ಬಟ್ಟೆ ತುರುಕಿದಳು ಗಿಡ್ಡಿ. ನೀರು ಪೋಲಾಗುವುದನ್ನು ನೋಡಲು ಅವಳಿಂದಾಗದು. ಆಮೇಲೆ ಸುತ್ತಲಿನ ಸಿಮೆಂಟು ಬಿಡಿಸಿ, ತೊಟ್ಟಿಲಿನಿಂದ ಕೂಸು ಎತ್ತುವ ಹಾಗೆ ಕಕ್ಕಸಿನ ಬೇಸಿನ್ ಎತ್ತಿಕೊಂಡು ಬಂದಳು.

"ನನ್ನ ತೊಡೆ ಮೇಲೆ ಮಾತ್ರ ಇಡಬೇಡವೇ," ಎಂದಳು ಅತ್ತೆ.

"ಲೇ, ತಲೆ ಕೆಟ್ಟಿದ್ಯೇನೇ? ಪೊಲೀಸ್ ಕರೀತೀನಿ!"

"ಕರೀರಿ. ಅವರು ಬರೋಷ್ಟರಲ್ಲಿ ನನ್ನ ತೂತು ಬಿಡಿಸ್ಕೋತೀನಿ. ಒಂದೊಂದಕ್ಕೂ ನೂರು ಕೊಟ್ಟಿದೀನಿ."

ಬಳಪದ ಗೆರೆಯ ಗುಂಟ ಉಳಿ ಓಡಿತು. ಅಂಗೈಯಗಲದ ಗಾರೆ ಬಿಲ್ಲೆಗಳು, ನಡುವೆ ಒಂದೊಂದು ತೂತಿನ ಸಮೇತ ಹೊರಬಂದವು. ವಠಾರವೆಲ್ಲ ಸೇರಿತು. ಅತ್ತೆ ಒಂದೊಂದನ್ನೂ ಬಿಸಿಲಿಗೆ ಹಿಡಿದು ತೂತಿನಿಂದ ಇಣುಕಿ, ಎಣಿಸಿ ಮೂಟೆಗೆ ಹಾಕಿದಳು. "ಇದರ ತೂತು ಸೊಟ್ಟ ಇದೆ, ಬೇರೆ ಕೊಡು."

ಹನ್ನೊಂದನೆಯದು ಕೈಗೆ ಬರುವ ಹೊತ್ತಿಗೆ ಸಾಮಾನು ಹೇರಿದ ಇನ್ನೊಂದು ಗಾಡಿ ಬಂದು ನಿಂತಿತು. ಜೊತೆಗೆ ರಾತ್ರಿ ಪಾಳಿ ಮುಗಿಸಿ ಬಂದಿದ್ದ ಆಸ್ಪತ್ರೆ ನರ್ಸು. ಇದೇ ಕೋಣೆಗೆ ಮೂವತ್ತು ಸಾವಿರ ಅಡ್ವಾನ್ಸ್ ಕೊಟ್ಟವಳು.

"ಬಾಗಿಲೆಲ್ಲಿ?" ಎಂದಳು.

"ಇಲ್ಲಿದೆ ತಾಯಿ," ಎಂದಳು ಗಾಡಿಯ ಮೇಲಿಂದ ಅತ್ತೆ. "ಕಕ್ಕಸೂ ಇಲ್ಲೇ ಇದೆ. ಅರ್ಜೆಂಟಾ?"

"ರಿಪೇರಿ ಏನೂ ಇಲ್ಲ, ಎಲ್ಲಾ ಗಟ್ಟಿಮುಟ್ಟಾಗಿದೆ, ಇವತ್ತೇ ಬನ್ನಿ ಅಂದ್ರಲ್ಲ ಇವ್ರು?"

ವಠಾರ ಗೊಳ್ಳೆಂದಿತು. ನರ್ಸು ನಗಲಿಲ್ಲ. ಮೀಟರಪ್ಪನ ಮುಂದೆ ಕೈಚಾಚಿದಳು. "ಬಾಗಿಲಿಲ್ಲದ ಮನೆ ನನಗೆ ಬೇಡ. ನನ್ನ ಮೂವತ್ತು ಇಲ್ಲಿಡಿ."

ಮೂವತ್ತು ಕೊಡುವುದಕ್ಕಿಂತ ಇಪ್ಪತ್ತು ಕೊಟ್ಟು ಬಾಗಿಲು ವಾಪಸು ಪಡೆಯುವುದು ವಾಸಿ. ಮೀಟರಪ್ಪ ಎದುರಿಗಿದ್ದ ತನ್ನ ಮನೆಗೆ ಹೋಗಿ ನೋಟಿನ ಕಟ್ಟು ತಂದು ಗಿಡ್ಡಿಯ ಕೈಗೆ ಬಿಸಾಡಿದ. ಅವಳು ಎರಡು ಸಲ ಎಣಿಸಿದಳು. "ಎರಡು ಸಾವಿರ ಕಮ್ಮಿ ಇದೆ."

"ಅದು ಕೊಡಲ್ಲ." ಇಷ್ಟು ಜನರ ಮುಂದೆ ಸೋತ ಮುಖವನ್ನು ಅವನು ಎಲ್ಲಾದರೂ ಇಡಬೇಕಿತ್ತು. "ಅದು ವಾಸನೆಗೆ. ನಿಮ್ಮಂಥೋರು ಇದ್ದ ಮನೆ. ಮೈ ಗಬ್ಬು ಗೋಡೆಗೇ ಹತ್ತಿರುತ್ತೆ, ತೊಳೆಸ್ಬೇಕು."

ನಗು ನಿಂತಿತು. ಮೀನಿನ ಬುಟ್ಟಿ ಹೊತ್ತು ನಿಂತಿದ್ದವಳು ತನ್ನ ತೋಳನ್ನೇ ಮೂಸಿ ನೋಡಿಕೊಂಡಳು.

ಗಿಡ್ಡಿ ದುಡ್ಡನ್ನು ಸೊಂಟಕ್ಕೆ ಸಿಕ್ಕಿಸಿದಳು. ಬಾಗಿಲು, ಬೇಸಿನ್, ನಲ್ಲಿ ಇಳಿಸಿ ಗೋಡೆಗೆ ಒರಗಿಸಿದಳು. ಹನ್ನೊಂದು ತೂತುಗಳನ್ನೂ ಸಾಲಾಗಿ ಜೋಡಿಸಿಟ್ಟಳು. ಅವುಗಳ ದುಡ್ಡು ವಾಪಸು ಬಂದಿತ್ತು, ಇನ್ನು ಅವು ಅವಳವಲ್ಲ.

"ಕೂರಿಸಿ ಹೋಗೇ!"

"ನಾನು ಕೀಳೋಳು ಯಜಮಾನ್ರೆ. ಕೂರಿಸೋರು ಬೇರೆ."

ಅತ್ತೆಯ ಕೈಹಿಡಿದು ಬೀದಿ ದಾಟಿದಳು. ಮೀಟರಪ್ಪನ ಮೆಟ್ಟಿಲು ಹತ್ತಿ, ಹೊಸಿಲು ದಾಟಿ, ನಡುಮನೆಯ ಬಿಳಿ ಸೋಫಾದ ಮೇಲೆ ಅತ್ತೆಯನ್ನು ಕೂರಿಸಿ ಪಕ್ಕದಲ್ಲಿ ತಾನೂ ಕೂತಳು. ಹಿಂದೆಯೇ ಮೀನಿನವಳು ಬುಟ್ಟಿ ಸಮೇತ ಬಂದಳು. ಅವಳ ಹಿಂದೆ ಚರಂಡಿ ಬಳಿಯುವವನು, ಹೆಗಲ ಮೇಲೆ ಹಸಿ ಟವೆಲಿನೊಂದಿಗೆ. ಅವನ ಹಿಂದೆ ಇಟ್ಟಿಗೆ ಹೊರುವವರು ನಾಲ್ಕು ಜನ. "ಸ್ವಲ್ಪ ಸರೀರಮ್ಮ, ನನ್ಗೂ ರಾತ್ರಿಯೆಲ್ಲ ಡ್ಯೂಟಿ ಮಾಡಿದ ಬೆವರಿದೆ," ಎನ್ನುತ್ತ ನರ್ಸೂ ಬಂದು ಕೂತಳು.

ಒಳಗಿನಿಂದ ಮೀಟರಪ್ಪನ ಹೆಂಡತಿ ಓಡಿಬಂದಳು. ಸೆರಗಿನಿಂದ ಮೂಗು ಮುಚ್ಚಿಕೊಂಡೇ ಸ್ವಿಚ್ಚಿಗೆ ಕೈ ಹಾಕಿದಳು.

"ಫ್ಯಾನ್ ಹಾಕ್ಬೇಡಿ, ಅಮ್ಮಾವ್ರೆ," ಎಂದಳು ಗಿಡ್ಡಿ, ಸೋಫಾಕ್ಕೆ ಬೆನ್ನು ಒತ್ತಿ. "ಎರಡು ಸಾವಿರದ ವಾಸನೆ. ಹಾರಿಹೋದೀತು."